ಲೋಟ ತೊಳೆದವನೇ ಮಾಲಕನಾದ ಕಥೆ

ಮೊನ್ನೆ ಅಸರ್ ನಮಾಝ್ ಮುಗಿಸಿ ಮಸೀದಿಯ ಎದುರಿನ ಕಟ್ಟೆಯಲ್ಲಿ ನಾವು ನಾಲ್ಕು ಜನ ಕೂತಿದ್ದಾಗ ಊರಿನ ಕಾಕ ಒಬ್ಬರು ಮಾತಿಗೆ ಸಿಕ್ಕಿದರು. ಗಲ್ಫಿನ ಒಂದು ಕೆಫೆಟೇರಿಯಾದಲ್ಲಿ ಇಪ್ಪತ್ತೆಂಟು ವರ್ಷ ಚಾ ಮಾಡಿದವರು. ಈಗ ಊರಿಗೆ ಬಂದು ಮೂರು ವರ್ಷವಾಯಿತು. ಮಂಡಿ ನೋವು, ಸಕ್ಕರೆ ಕಾಯಿಲೆ, ಅರ್ಧ ಕಟ್ಟಿ ನಿಂತ ಮನೆ. ಅವರು ನಗುತ್ತಲೇ ಒಂದು ಮಾತು ಹೇಳಿದರು: "ದಿನಕ್ಕೆ ನೂರಾರು ಚಾ ಮಾಡಿದ್ದೇನೆ ಮಕ್ಕಳೇ. ಆ ಅಂಗಡಿ ನನ್ನ ಕಣ್ಣೆದುರೇ ಒಂದಿದ್ದದ್ದು ಐದಾಯಿತು. ಆದರೆ ಅದರ ಒಂದು ಕುರ್ಚಿಯೂ ನನ್ನದಾಗಲಿಲ್ಲ."

ಕಾಕ ಯಾರನ್ನೂ ದೂರಲಿಲ್ಲ. ಧಣಿ ಸಂಬಳ ಸರಿಯಾಗಿ ಕೊಟ್ಟಿದ್ದರು, ಊರಿಗೆ ಬರುವಾಗ ಟಿಕೆಟೂ ಕೊಟ್ಟಿದ್ದರು. ಆದರೂ ಆ 'ಒಂದು ಕುರ್ಚಿ'ಯ ಮಾತು ನಮ್ಮ ಮನಸ್ಸಿನಿಂದ ಹೋಗಲಿಲ್ಲ. ನಮ್ಮ ಪ್ರತಿ ಮನೆಯಲ್ಲೂ ಇಂಥ ಒಬ್ಬರು ಇದ್ದಾರೆ ತಾನೇ? ಬೆಂಗಳೂರಿನ ಹೋಟೆಲಿನಲ್ಲೋ, ಮುಂಬೈಯ ಕ್ಯಾಂಟೀನಿನಲ್ಲೋ, ದುಬೈ, ದಮ್ಮಾಮಿನ ಕೆಫೆಟೇರಿಯಾದಲ್ಲೋ ಪ್ರಾಯವನ್ನೆಲ್ಲ ಸವೆಸಿ, ಕೊನೆಗೆ ಬರಿಗೈಯಲ್ಲಿ ಊರಿಗೆ ಬಂದವರು.

ಲೋಟ ತೊಳೆದವನು, ತಟ್ಟೆ ಎತ್ತಿದವನು ಹೋಟೆಲಿನ ಮಾಲಕನಾಗುವುದು ಸಾಧ್ಯವೇ ಇಲ್ಲವಾ? ಒಬ್ಬಿಬ್ಬರು ಅದೃಷ್ಟವಂತರ ವಿಚಾರ ಬಿಡಿ. ಕೆಲಸ ಮಾಡುವ ಅಷ್ಟೂ ಜನ ಒಟ್ಟಿಗೆ ಮಾಲಕರಾಗುವ ದಾರಿ ಉಂಟಾ? ಉಂಟು. ಅದೂ ದೂರದಲ್ಲಿಲ್ಲ. ಚಂದ್ರಗಿರಿ ಹೊಳೆ ದಾಟಿ ಕಣ್ಣೂರಿಗೆ ಹೋದರೆ ಕಾಣುತ್ತದೆ, ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲೂ ಕಾಣುತ್ತದೆ. ಅದರ ಹೆಸರು ಇಂಡಿಯನ್ ಕಾಫಿ ಹೌಸ್.

ಕಾಫಿ ಎಂದರೆ ನಮಗೆ ಪರಕೀಯ ವಸ್ತುವೇನಲ್ಲ. ಯಮನಿನ ಸೂಫಿಗಳು ರಾತ್ರಿಯ ಆರಾಧನೆಗೆ ನಿದ್ದೆ ಬಾರದಿರಲಿ ಎಂದು 15ನೇ ಶತಮಾನದಲ್ಲಿ ಕುಡಿಯುತ್ತಿದ್ದ ಪಾನೀಯ ಅದು. ಹಜ್ಜಿಗೆ ಹೋಗಿದ್ದ ಬಾಬಾ ಬುಡನ್ ಅವರು ಮರಳುವಾಗ ಏಳು ಕಾಫಿ ಬೀಜಗಳನ್ನು ಅಡಗಿಸಿ ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ಬಿತ್ತಿದರು ಎಂಬ ಐತಿಹ್ಯ ಶಾಲೆಯ ಮಕ್ಕಳಿಗೂ ಗೊತ್ತು. ಆ ಬೆಟ್ಟಕ್ಕೆ ಇವತ್ತಿಗೂ ಅವರದ್ದೇ ಹೆಸರು. ಘಟ್ಟದ ಮೇಲಿನ ಕಾಫಿ, ಕಾಳುಮೆಣಸು, ಏಲಕ್ಕಿಯ ವ್ಯಾಪಾರದಲ್ಲಿ ನಮ್ಮ ಹಿರಿಯರು ತಲೆಮಾರುಗಳಿಂದ ಇದ್ದಾರೆ. ಬ್ಯಾರಿ ಎಂಬ ಹೆಸರೇ 'ಬ್ಯಾರ'ದಿಂದ, ಅಂದರೆ ವ್ಯಾಪಾರದಿಂದ ಬಂದದ್ದು ಎನ್ನುವವರಿದ್ದಾರೆ.

ಕಾಫಿ ಜತೆಗೇ ಹುಟ್ಟಿದ್ದು ಕಾಫಿ ಅಂಗಡಿ. ನಾಲ್ಕು ಜನ ಕೂತು ಮಾತಾಡುವ ಜಾಗವೆಂದರೆ ಆಳುವವರಿಗೆ ಯಾವಾಗಲೂ ಭಯ. 1511ರಲ್ಲಿ ಮಕ್ಕಾದ ಆಡಳಿತಗಾರ ಖೈರ್ ಬೇಗ್ ಕಾಫಿಯನ್ನೇ ನಿಷೇಧಿಸಿದ. 1675ರಲ್ಲಿ ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸ್ ಕಾಫಿ ಅಂಗಡಿಗಳನ್ನು ಮುಚ್ಚಲು ಆಜ್ಞೆ ಹೊರಡಿಸಿ, ಜನ ರೇಗಿದ್ದನ್ನು ಕಂಡು ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡ. ಎರಡು ನಿಷೇಧವೂ ನಿಲ್ಲಲಿಲ್ಲ. ಕಾಫಿ ಅಂಗಡಿ ಉಳಿಯಿತು.

ಈಗ ನಮ್ಮ ದೇಶದ ಕಥೆಗೆ ಬರೋಣ. ಬ್ರಿಟಿಷರ ಕಾಲದಲ್ಲಿ ಇಲ್ಲಿಯ ಕಾಫಿ ಹೆಚ್ಚಾಗಿ ಹಡಗು ಹತ್ತಿ ಹೊರಗೆ ಹೋಗುತ್ತಿತ್ತು. ದೇಶದೊಳಗೆ ಕುಡಿಯುವವರು ದಕ್ಷಿಣದವರು ಮಾತ್ರ. ಬೆಲೆ ಕುಸಿದಾಗ ಬೆಳೆಗಾರರಿಗೆ ಊರಿನೊಳಗೇ ಗಿರಾಕಿ ಬೇಕಾಯಿತು. 1935ರಲ್ಲಿ ಕಾಫಿ ಸೆಸ್ ಸಮಿತಿ ಹುಟ್ಟಿತು. 1936ರಲ್ಲಿ ಮುಂಬೈಯ ಚರ್ಚ್‌ಗೇಟಿನಲ್ಲಿ ಮೊದಲ ಕಾಫಿ ಹೌಸ್ ಶುರುವಾಯಿತು. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿಹೋದಾಗ ಕಾಫಿ ಮಂಡಳಿ ರಚನೆಯಾಗಿ, 1940ರ ದಶಕದಲ್ಲಿ ದೇಶದ ದೊಡ್ಡ ಪಟ್ಟಣಗಳಲ್ಲೆಲ್ಲ ಸುಮಾರು ಐವತ್ತು ಕಾಫಿ ಹೌಸ್‌ಗಳು ತೆರೆದವು. ಜನರಿಗೆ ಕಾಫಿಯ ರುಚಿ ಹತ್ತಿಸುವುದೇ ಅವುಗಳ ಕೆಲಸ.

ರುಚಿ ಹತ್ತಿತು. ಆದರೆ 1950ರ ದಶಕದ ನಡುವಿಗೆ ಮಂಡಳಿಯ ಧೋರಣೆ ಬದಲಾಯಿತು. ಕಾಫಿ ಹೌಸ್‌ಗಳನ್ನು ಒಂದೊಂದಾಗಿ ಮುಚ್ಚುವ ತೀರ್ಮಾನವಾಯಿತು. ಸಪ್ಲಾಯರ್, ಅಡುಗೆಯವ, ಕ್ಲೀನರ್ ಎಲ್ಲರೂ ಬೀದಿಗೆ ಬೀಳುವ ಹೊತ್ತು. ಓದು ಕಡಿಮೆ, ಕೈಯಲ್ಲಿ ಬಂಡವಾಳ ಇಲ್ಲ, ಗೊತ್ತಿದ್ದ ಕೆಲಸ ಇದೊಂದೇ.

ಆಗ ಅವರ ಜತೆ ನಿಂತವರು ಎ.ಕೆ. ಗೋಪಾಲನ್. ಜನ ಪ್ರೀತಿಯಿಂದ ಎ.ಕೆ.ಜಿ. ಎಂದು ಕರೆಯುತ್ತಿದ್ದ ಈ ಕಮ್ಯುನಿಸ್ಟ್ ನಾಯಕ 1957ರಲ್ಲಿ ಲೋಕಸಭೆಗೆ ಆರಿಸಿಹೋದದ್ದು ಕಾಸರಗೋಡಿನಿಂದ. ಅಂದರೆ ನಮ್ಮದೇ ಗಡಿನಾಡಿನ, ಕನ್ನಡ, ತುಳು, ಬ್ಯಾರಿ, ಮಲಯಾಳ ಎಲ್ಲ ಕಲೆತ ಮಣ್ಣಿನಿಂದ. ಅವರು ಕಾರ್ಮಿಕರಿಗೆ ತೋರಿಸಿದ ದಾರಿ ಸರಳವಾದದ್ದು. 'ಕೆಲಸ ಕೊಡಿ' ಎಂದು ಬೇಡುತ್ತಾ ಕೂರುವುದು ಬೇಡ. ಅಂಗಡಿಯನ್ನೇ ವಹಿಸಿಕೊಳ್ಳಿ, ಸಹಕಾರಿ ಸಂಘ ಕಟ್ಟಿ, ನೀವೇ ನಡೆಸಿ.

1957ರ ಆಗಸ್ಟ್ 19ರಂದು ಮೊದಲ ಕಾರ್ಮಿಕ ಸಹಕಾರಿ ಸಂಘ ಹುಟ್ಟಿದ್ದು ಎಲ್ಲಿ ಗೊತ್ತಾ? ನಮ್ಮ ಬೆಂಗಳೂರಿನಲ್ಲಿ. ಅದೇ ವರ್ಷ ದಿಲ್ಲಿಯಲ್ಲಿ. ಮರುವರ್ಷ ಕೇರಳದಲ್ಲಿ ಎರಡು ಸಂಘ, ತ್ರಿಶ್ಶೂರಿನಲ್ಲಿ ಒಂದು, ಕಣ್ಣೂರಿನಲ್ಲಿ ಇನ್ನೊಂದು. ಕಣ್ಣೂರು ಸಂಘದ ಮೊದಲ ಕಾಫಿ ಹೌಸ್ ತಲಶ್ಶೇರಿಯಲ್ಲಿ 1958ರಲ್ಲಿ ತೆರೆಯಿತು. ಮುಂದೆ ಇಂಥ ಹದಿಮೂರು ಸಂಘಗಳಾಗಿ, ದೇಶದ ಉದ್ದಗಲಕ್ಕೂ ಸುಮಾರು 400 ಕಾಫಿ ಹೌಸ್‌ಗಳ ಸರಪಳಿಯಾಗಿ ಬೆಳೆಯಿತು. ಇದರ ಹಿಂದೆ ದೊಡ್ಡ ಬಂಡವಾಳಗಾರ ಯಾರೂ ಇರಲಿಲ್ಲ. ಜಾಹೀರಾತೂ ಇರಲಿಲ್ಲ.

ಈ ಹೋರಾಟದಲ್ಲಿದ್ದ ಎನ್.ಎಸ್. ಪರಮೇಶ್ವರನ್ ಪಿಳ್ಳೆ ಎಂಬ ಕಾರ್ಮಿಕ ಮುಖಂಡರು ಆ ಕಥೆಯನ್ನು ಮಲಯಾಳದಲ್ಲಿ ಪುಸ್ತಕವಾಗಿ ಬರೆದಿದ್ದಾರೆ. ಹೋಟೆಲ್ ಕೆಲಸದವರು ತಮ್ಮ ಇತಿಹಾಸವನ್ನು ತಾವೇ ಬರೆದಿಟ್ಟುಕೊಂಡರು ಎಂಬುದನ್ನು ನಾವು ಗಮನಿಸಬೇಕು. ನಮ್ಮ ಹೋಟೆಲ್ ಕಾಕಂದಿರ ಕಥೆಯನ್ನು ಯಾರು ಬರೆದಿದ್ದಾರೆ?

ಕಾಫಿ ಹೌಸ್‌ಗೆ ಹೋದವರಿಗೆ ಅಲ್ಲಿಯ ಚಿತ್ರ ಮರೆಯುವಂಥದ್ದಲ್ಲ. ಬಿಳಿ ಸಮವಸ್ತ್ರ, ಸೊಂಟಕ್ಕೆ ಅಗಲದ ಪಟ್ಟಿ, ತಲೆಗೆ ಬೀಸಣಿಗೆಯಂತೆ ಬಿಚ್ಚಿಕೊಂಡ ಪೇಟ. ನೋಡಿದರೆ ಯಾವುದೋ ಅರಮನೆಯ ಆಳಿನ ಹಾಗೆ. ಆದರೆ ಆತ ಆ ಅಂಗಡಿಯ ಪಾಲುದಾರ! ಸಂಘದಲ್ಲಿ ಅವನದ್ದೊಂದು ಷೇರು ಉಂಟು, ಒಂದು ಓಟು ಉಂಟು. ಆಡಳಿತ ಮಂಡಳಿಯನ್ನು ಆರಿಸುವುದು ಕೆಲಸಗಾರರೇ. ಕ್ಲೀನರ್ ಆಗಿ ಸೇರಿದವನು ಸಪ್ಲಾಯರ್ ಆಗಿ, ಅಡುಗೆಯವನಾಗಿ, ಮುಂದೊಂದು ದಿನ ಮ್ಯಾನೇಜರ್ ಆಗುವುದು ಅಲ್ಲಿ ವಿಶೇಷವಲ್ಲ, ವಾಡಿಕೆ. ಲಾಭ ಬಂದರೆ ಬೋನಸ್ಸು, ನಿವೃತ್ತಿಗೆ ಭವಿಷ್ಯನಿಧಿ. ನಮ್ಮ ಕಾಕನಿಗೆ ಇಪ್ಪತ್ತೆಂಟು ವರ್ಷದಲ್ಲಿ ಸಿಗದ ಆ ಕುರ್ಚಿ ಕಣ್ಣೂರಿನ ಸಪ್ಲಾಯರಿಗೆ ಸಿಕ್ಕಿತು. ಇಬ್ಬರ ದುಡಿಮೆಯಲ್ಲಿ ವ್ಯತ್ಯಾಸವಿಲ್ಲ. ಅಂಗಡಿ ಕಟ್ಟಿದ ರೀತಿಯಲ್ಲಿ ವ್ಯತ್ಯಾಸ.

ಗಿರಾಕಿಗೂ ಇದರ ಲಾಭ ಮುಟ್ಟಿತು. ಬೆಲೆ ಕಡಿಮೆ, ಕೂತವರನ್ನು ಎಬ್ಬಿಸುವುದಿಲ್ಲ. ಒಂದು ಕಾಫಿ ತಗೊಂಡು ಎರಡು ಗಂಟೆ ಹರಟಿದರೂ ಯಾರೂ ಮುಖ ಸಿಂಡರಿಸುವುದಿಲ್ಲ. ಕೋಲ್ಕತಾದ ಕಾಲೇಜ್ ಸ್ಟ್ರೀಟಿನ ಕಾಫಿ ಹೌಸ್ ಹಾಗೆಯೇ ಬಂಗಾಳಿ ಬರಹಗಾರರ, ವಿದ್ಯಾರ್ಥಿಗಳ ಎರಡನೇ ಮನೆಯಾಯಿತು. ಸತ್ಯಜಿತ್ ರೇ ಅಲ್ಲಿ ಕೂತವರು. ಮನ್ನಾ ಡೇ ಅದರ ಮೇಲೆ ಹಾಡಿದ ಹಾಡು ಬಂಗಾಳದ ಮನೆಮಾತು. ತಿರುವನಂತಪುರದ ಬಸ್ ನಿಲ್ದಾಣದ ಹತ್ತಿರದ್ದಂತೂ ಲಾರಿ ಬೇಕರ್ ಕಟ್ಟಿದ ಕೆಂಪು ಇಟ್ಟಿಗೆಯ ಸುರುಳಿ ಗೋಪುರ. ಬಡವರ ಹೋಟೆಲಿಗೂ ಅಂಥ ವಾಸ್ತುಶಿಲ್ಪಿ ಬೇಕು ಎಂದು ಅದರ ಕೆಲಸಗಾರ ಮಾಲಕರಿಗೆ ಅನಿಸಿತ್ತು! ಕೇರಳದ ಕಾಫಿ ಹೌಸಿನ ಬೀಟ್‌ರೂಟ್ ಹಾಕಿದ ಮಸಾಲೆ ದೋಸೆ, ಕಟ್ಲೆಟ್ ತಿಂದವರು ನಮ್ಮಲ್ಲೂ ಬೇಕಾದಷ್ಟು ಜನ ಇದ್ದಾರೆ. ಪಲ್ಯ ಕೆಂಪಾಗಿದ್ದದ್ದು ಕಂಡು ಮೊದಲ ಸಲ ಗಾಬರಿಯಾದವರೂ ಇದ್ದಾರೆ.

ಹಾಗಾದರೆ ಎಲ್ಲ ಚಂದ ಉಂಟಾ? ಇಲ್ಲ. ಸತ್ಯ ಹೇಳಬೇಕು. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಐವತ್ತು ವರ್ಷ ನಡೆದ ಕಾಫಿ ಹೌಸ್ 2009ರ ಏಪ್ರಿಲ್‌ನಲ್ಲಿ ಬಾಗಿಲು ಹಾಕಿತು. ಕಟ್ಟಡ ಸ್ವಂತದ್ದಲ್ಲ. ಕೊನೆಗೆ ಚರ್ಚ್ ಸ್ಟ್ರೀಟಿಗೆ ಹೋಗಬೇಕಾಯಿತು. ದಿಲ್ಲಿಯಲ್ಲೂ ಬಾಡಿಗೆ, ಬಾಕಿ ಎಂದು ತಾಪತ್ರಯ ತಪ್ಪಲಿಲ್ಲ. ಕೆಲವು ಕಡೆ ಮೆನು ಬದಲಾಗಲಿಲ್ಲ, ಗೋಡೆಗೆ ಬಣ್ಣ ಬೀಳಲಿಲ್ಲ, ಹೊಸ ತಲೆಮಾರು ಒಳಗೆ ಕಾಲಿಡಲಿಲ್ಲ. ಕೆಲವು ಸಂಘಗಳ ಚುನಾವಣೆಯಲ್ಲಿ ರಾಜಕೀಯ ಹೊಕ್ಕಿತು. ಸಪ್ಲಾಯರ್ ಕೆಲಸ ಬಹುಕಾಲ ಗಂಡಸರದ್ದೇ ಆಗಿತ್ತು. ಇದೆಲ್ಲ ದೋಷವೇ. ಆದರೆ ಈ ದೋಷಗಳನ್ನು ಇಟ್ಟುಕೊಂಡೇ ಅದು ಆರು ದಶಕ ದಾಟಿ ನಿಂತಿದೆ ಎಂಬುದನ್ನೂ ನೋಡಬೇಕು.

ಇನ್ನೊಂದು ಕಾಫಿ ಸರಪಳಿಯ ಕಥೆಯೂ ನಮಗೆ ಗೊತ್ತು. ಚಿಕ್ಕಮಗಳೂರಿನ ಬೆಳೆಗಾರ ಮನೆತನದ ವಿ.ಜಿ. ಸಿದ್ಧಾರ್ಥ 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದರು. ಕನ್ನಡಿಗನೊಬ್ಬ ಕಾಫಿಯನ್ನು ದೇಶದ ಯುವಜನರ ಕೈಗಿಟ್ಟ ಸಾಹಸ ಅದು, ಸಾವಿರಾರು ಮಕ್ಕಳಿಗೆ ಕೆಲಸ ಕೊಟ್ಟದ್ದು. ಒಂದು ಕಾಲಕ್ಕೆ ಸುಮಾರು 1,700 ಕೆಫೆಗಳು. 2019ರ ಜುಲೈ ಕೊನೆಯಲ್ಲಿ ನಮ್ಮ ನೇತ್ರಾವತಿಯ ದಡದಲ್ಲಿ ಏನಾಯಿತು ಎಂಬುದನ್ನು ಉಳ್ಳಾಲ, ಹೊಯಿಗೆಬಜಾರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ರಾತ್ರಿ ದೋಣಿ ಇಳಿಸಿ ಹುಡುಕಿದವರಲ್ಲಿ ನಮ್ಮ ಕರಾವಳಿಯ ಮೀನುಗಾರರೂ ಇದ್ದರು. ಸಾಲದ ಭಾರದ ಬಗ್ಗೆ ಆಮೇಲೆ ಎಲ್ಲರೂ ಓದಿದೆವು. ಅವರ ಪತ್ನಿ ಮಾಳವಿಕಾ ಹೆಗ್ಡೆ ಧೈರ್ಯದಿಂದ ಚುಕ್ಕಾಣಿ ಹಿಡಿದು ಸಾಲ ಇಳಿಸಿದರು. ಕೆಫೆಗಳ ಸಂಖ್ಯೆ ಮಾತ್ರ ಐನೂರಕ್ಕಿಂತ ಕೆಳಗೆ ಬಂತು.

ಸತ್ತವರ ಮೇಲೆ ತೀರ್ಪು ಕೊಡಲು ನಾವು ಯಾರು? ಆ ಉದ್ದೇಶ ನಮಗಿಲ್ಲ. ನಮಗೆ ಕಾಣುವುದು ಇಷ್ಟೇ. ಸಾಲ ತಂದು ಓಡುವ ಸರಪಳಿ ಬೇಗ ದೊಡ್ಡದಾಗುತ್ತದೆ, ಆದರೆ ಅದರ ಭಾರವೆಲ್ಲ ಒಬ್ಬನ ಹೆಗಲ ಮೇಲೆ ಬೀಳುತ್ತದೆ. ನೂರು ಜನ ಹೆಗಲು ಕೊಟ್ಟ ಸರಪಳಿ ನಿಧಾನ ಬೆಳೆಯುತ್ತದೆ. ಬಿದ್ದರೂ ಒಬ್ಬನನ್ನೇ ಅಡಿಗೆ ಹಾಕಿ ಬೀಳುವುದಿಲ್ಲ.

ಈಗ ನಮ್ಮ ಕಡೆ ನೋಡಿಕೊಳ್ಳೋಣ. ದೇರಳಕಟ್ಟೆಯಿಂದ ಸುರತ್ಕಲ್ ತನಕ ಹೆದ್ದಾರಿ ಬದಿಯಲ್ಲಿ ಎಷ್ಟು ಹೊಸ ಕೆಫೆಗಳು, ಮಂದಿ, ಶವರ್ಮ ಅಂಗಡಿಗಳು! ಕಣ್ಣು ಕುಕ್ಕುವ ಲೈಟು, ಅರಬಿ ಅಕ್ಷರದ ಬೋರ್ಡು. ಗಲ್ಫಿನಿಂದ ಬಂದ ಒಬ್ಬ ಹುಡುಗ ತಾನು ಕೂಡಿಟ್ಟದ್ದು, ಹೆಂಡತಿಯ ಚಿನ್ನ, ಭಾವನ ಕೈಸಾಲ ಎಲ್ಲ ಸೇರಿಸಿ ಒಂದು ಅಂಗಡಿ ಇಡುತ್ತಾನೆ. ಮೊದಲ ತಿಂಗಳು ಜನ ಜಾತ್ರೆ. ಆರನೇ ತಿಂಗಳಿಗೆ ಪಕ್ಕದಲ್ಲೇ ಇನ್ನೊಬ್ಬ ಅದೇ ಅಂಗಡಿ ಇಡುತ್ತಾನೆ, ಅವನೂ ನಮ್ಮವನೇ. ಎರಡು ವರ್ಷಕ್ಕೆ ಇಬ್ಬರ ಷಟರೂ ಬಂದ್. ಒಬ್ಬ ಮತ್ತೆ ವೀಸಾ ಹುಡುಕುತ್ತಾನೆ, ಇನ್ನೊಬ್ಬ ಭಾವನ ಮುಖ ತಪ್ಪಿಸಿ ತಿರುಗುತ್ತಾನೆ. ಒಳಗೆ ಕೆಲಸ ಮಾಡಿದ ಹುಡುಗರ ಎರಡು ತಿಂಗಳ ಸಂಬಳ? ಅದರ ಸುದ್ದಿ ಯಾರೂ ಎತ್ತುವುದಿಲ್ಲ. ಅವರಲ್ಲಿ ನಮ್ಮ ಮಕ್ಕಳೂ ಇದ್ದಾರೆ, ಅಸ್ಸಾಮು, ಬಂಗಾಳದಿಂದ ಬಂದ ಬಡ ಮಕ್ಕಳೂ ಇದ್ದಾರೆ.

ನಮ್ಮಲ್ಲಿ ದುಡ್ಡಿಲ್ಲ ಎನ್ನುವುದು ಪೂರ್ತಿ ಸತ್ಯ ಅಲ್ಲ. ದುಡಿಮೆ ಉಂಟು, ಕೈಪಳಗಿದ ಕೆಲಸ ಉಂಟು, ವ್ಯಾಪಾರದ ಬುದ್ಧಿಯೂ ಉಂಟು. ಇಲ್ಲದಿರುವುದು ಕೂಡಿ ಕಟ್ಟುವ ಅಭ್ಯಾಸ ಮತ್ತು ಬರೆದಿಡುವ ಅಭ್ಯಾಸ.

"ಪಾಲುದಾರಿಕೆ ನಮ್ಮವರಿಗೆ ಆಗಿಬರುವುದಿಲ್ಲ ಮಾರಾಯ್ರೆ, ಕೊನೆಗೆ ಜಗಳವೇ" ಎನ್ನುವವರು ಉಂಟು. ಅವರ ಅನುಭವ ಸುಳ್ಳಲ್ಲ. ಅಣ್ಣ ತಮ್ಮ ಸೇರಿ ಇಟ್ಟ ಅಂಗಡಿ ಮುರಿದು, ಮದುವೆ ಮನೆಯಲ್ಲೂ ಮಾತು ನಿಂತದ್ದನ್ನು ನಾವೂ ಕಂಡಿದ್ದೇವೆ. ಆದರೆ ಆ ಪಾಲುದಾರಿಕೆಗಳಲ್ಲಿ ಕಾಗದ ಪತ್ರ ಎಷ್ಟಿತ್ತು? ಯಾರು ಎಷ್ಟು ಹಾಕಿದರು, ಯಾರ ಕೆಲಸಕ್ಕೆ ಎಷ್ಟು ಬೆಲೆ, ಬಿಡುವವನಿಗೆ ಏನು ಕೊಡಬೇಕು, ಇದನ್ನೆಲ್ಲ ಬಾಯಿಮಾತಿನಲ್ಲಿ ಮುಗಿಸಿ 'ನಂಬಿಕೆ' ಎಂದೆವು. ಕೊಡುಕೊಳ್ಳುವ ವ್ಯವಹಾರವನ್ನು ಬರೆದಿಡಬೇಕು, ಸಾಕ್ಷಿ ಇಡಬೇಕು ಎಂಬ ಅಪ್ಪಣೆ ಇರುವುದು ಕುರ್‌ಆನಿನ ಅತಿ ಉದ್ದದ ಆಯತ್‌ನಲ್ಲಿ. ಅದನ್ನು ಓದುತ್ತೇವೆ, ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಮಾತ್ರ ಮರೆಯುತ್ತೇವೆ. ನಂಬಿಕೆ ಬೇರೆ, ಲೆಕ್ಕ ಬೇರೆ. ಲೆಕ್ಕ ಸರಿ ಇದ್ದರೆ ನಂಬಿಕೆ ಉಳಿಯುತ್ತದೆ.

"ಸಹಕಾರಿ ಎಂದರೆ ಕೇರಳದ ಕಮ್ಯುನಿಸ್ಟರಿಗೆ ಸರಿ, ನಮಗಲ್ಲ" ಎನ್ನುವವರೂ ಇದ್ದಾರೆ. ಅವರಿಗೆ ನಮ್ಮದೇ ಊರಿನ ಉದಾಹರಣೆ ಕೊಡೋಣ. ಅಡಿಕೆ ಬೆಳೆಗಾರರು ದಲ್ಲಾಳಿಗಳಿಂದ ಬೇಸತ್ತು 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಕಟ್ಟಿದರು. ಪುತ್ತೂರಿನ ಅದರ ಚಾಕಲೇಟ್ ಕಾರ್ಖಾನೆ ಇವತ್ತಿಗೂ ನಡೆಯುತ್ತಿದೆ. ಕಟ್ಟಿದವರು ರೈತರು, ಕಮ್ಯುನಿಸ್ಟರಲ್ಲ. ಇನ್ನೊಂದು ಕಥೆ ನಮ್ಮ ಬೀಡಿ ಕಟ್ಟುವ ತಾಯಂದಿರು ಕೇಳಬೇಕಾದದ್ದು. 1966ರಲ್ಲಿ ಬೀಡಿ ಕಾರ್ಮಿಕರ ಕಾಯ್ದೆ ಬಂದಾಗ, ಅದನ್ನು ಪಾಲಿಸಲೊಲ್ಲದ ಮಂಗಳೂರು ಮೂಲದ ಬೀಡಿ ಧಣಿಗಳು ಕಣ್ಣೂರಿನ ಕೆಲಸ ನಿಲ್ಲಿಸಿದರು. ಸಾವಿರಾರು ಜನ ಬೀದಿಗೆ ಬಿದ್ದರು. ಅವರೇ ಸೇರಿ 1969ರಲ್ಲಿ ಕಟ್ಟಿದ ಸಂಘ ಕೇರಳ ದಿನೇಶ್ ಬೀಡಿ. ಬೀಡಿಯ ಕಾಲ ಇಳಿಯುತ್ತಾ ಬಂದಾಗ ಆ ಸಂಘ ಆಹಾರ ಪದಾರ್ಥ, ಕೊಡೆ ಎಂದು ಬೇರೆ ದಾರಿ ಹಿಡಿಯಿತು. ಧಣಿಗಳು ಇದ್ದದ್ದು ನಮ್ಮ ಕಡೆ, ಪಾಠ ಕಲಿತದ್ದು ಅವರ ಕಡೆ!

ಹಾಗಾದರೆ ನಾವು ಎಂತ ಮಾಡಬೇಕು? ದೊಡ್ಡ ಕನಸು ಬೇಡ. ಒಂದು ಚಾ-ಕಾಫಿ ಅಂಗಡಿ ಸಾಕು. ಮಂಗಳೂರಿನಲ್ಲೋ ಬಿ.ಸಿ. ರೋಡಿನಲ್ಲೋ ಉಪ್ಪಿನಂಗಡಿಯಲ್ಲೋ. ಗಲ್ಫಿನಿಂದ ಮರಳಿದ ಅಡುಗೆಯವರು, ಸಪ್ಲಾಯರ್‌ಗಳು, ಲೆಕ್ಕ ಬರೆಯಲು ಬರುವ ಒಂದಿಬ್ಬರು ಓದಿದ ಮಕ್ಕಳು, ಮನೆಯಲ್ಲಿ ಪತ್ತಿರ್, ನೈಪತ್ತಿರ್, ಕಲ್ತಪ್ಪ ಮಾಡಿ ಮಾರುವ ನಮ್ಮ ಅಕ್ಕ ತಂಗಿಯರು ಸದಸ್ಯರಾಗಲಿ. ಹೆಂಗಸರು ಬರೀ ತಿಂಡಿ ಕಳಿಸುವವರಾದರೆ ಸಾಲದು, ಷೇರು ಅವರ ಹೆಸರಲ್ಲೂ ಇರಲಿ, ಸಭೆಯಲ್ಲಿ ಅವರ ಮಾತೂ ಇರಲಿ. ಕಾಫಿ ಹೌಸ್ ಮಾಡಿದ ತಪ್ಪನ್ನು ನಾವು ಮಾಡುವುದು ಬೇಡ. ನಮ್ಮ ರಾಜ್ಯದಲ್ಲಿ 1959ರ ಸಹಕಾರ ಸಂಘಗಳ ಕಾಯ್ದೆಯೂ ಉಂಟು, 1997ರ ಸೌಹಾರ್ದ ಸಹಕಾರಿ ಕಾಯ್ದೆಯೂ ಉಂಟು. ಯಾವುದು ಹೊಂದುತ್ತದೆ ಎಂದು ತಿಳಿದ ವಕೀಲರನ್ನೋ ಲೆಕ್ಕಪರಿಶೋಧಕರನ್ನೋ ಕೇಳಿದರಾಯಿತು. ಅಂಥವರು ಈಗ ನಮ್ಮಲ್ಲೇ ಬೇಕಾದಷ್ಟು ಇದ್ದಾರೆ.

ಕೆಲವು ನಿಯಮ ಮಾತ್ರ ಗಟ್ಟಿ ಇರಲಿ. ಎಷ್ಟೇ ಷೇರು ಇರಲಿ, ಒಬ್ಬರಿಗೆ ಒಂದೇ ಓಟು. ಪ್ರತಿ ತಿಂಗಳ ಲೆಕ್ಕ ಅಡುಗೆಮನೆಯ ಬಾಗಿಲಿಗೆ ಅಂಟಿಸಬೇಕು, ಲೋಟ ತೊಳೆಯುವವನಿಗೂ ಕಾಣುವ ಹಾಗೆ. ಮ್ಯಾನೇಜರನ್ನು ಆರಿಸುವ, ಇಳಿಸುವ ಅಧಿಕಾರ ಸದಸ್ಯರಿಗಿರಲಿ. ಭವಿಷ್ಯನಿಧಿ, ಇಎಸ್‌ಐ ಮೊದಲ ದಿನದಿಂದ. ಕೆಲಸಗಾರ ಯಾವ ಧರ್ಮದವನಾದರೂ, ಯಾವ ರಾಜ್ಯದವನಾದರೂ ಸದಸ್ಯತ್ವಕ್ಕೆ ಅಡ್ಡಿ ಇರಬಾರದು. ಮೊದಲ ಅಂಗಡಿ ತನ್ನ ಕಾಲ ಮೇಲೆ ನಿಲ್ಲುವ ತನಕ ಎರಡನೆಯದರ ಮಾತು ಬೇಡ. ಆಮೇಲೆ, ಸಾಧ್ಯವಾದರೆ ಜಾಗ ಸ್ವಂತದ್ದಾಗಲಿ. ಎಂ.ಜಿ. ರಸ್ತೆಯ ಪಾಠ ಅದು.

ನಮ್ಮ ಶ್ರೀಮಂತರಿಗೂ ಒಂದು ವಿನಂತಿ. ಮದುವೆ ಹಾಲ್, ಆಸ್ಪತ್ರೆ, ಶಾಲೆ ಕಟ್ಟಿಸುತ್ತೀರಿ, ಸಂತೋಷ. ಬಡವರಿಗೆ ಹೊಲಿಗೆ ಯಂತ್ರ, ಆಟೊರಿಕ್ಷಾ ಕೊಡುತ್ತೀರಿ, ಅದೂ ಒಳ್ಳೆಯದೇ. ಒಂದು ಸಲ, ಕೆಲಸಗಾರರೇ ನಡೆಸುವ ಅಂಗಡಿಗೆ ನಿಮ್ಮ ಕಟ್ಟಡದ ಒಂದು ಕೋಣೆಯನ್ನು ಐದು ವರ್ಷಕ್ಕೆ ಕಡಿಮೆ ಬಾಡಿಗೆಗೆ ಕೊಟ್ಟು ನೋಡಿ. ದಾನ ಬೇಡ, ಬಾಡಿಗೆ ತಗೊಳ್ಳಿ. ಆದರೆ ಗಲ್ಲಾಪೆಟ್ಟಿಗೆಯಲ್ಲಿ ನೀವು ಕೂರಬೇಡಿ, ನಿಮ್ಮ ಮಗನನ್ನೂ ಕೂರಿಸಬೇಡಿ.

ಕಟ್ಟೆಯಲ್ಲಿ ಕೂತಿದ್ದ ಕಾಕನಿಗೆ ನಾವು ಕಣ್ಣೂರಿನ ಕಾಫಿ ಹೌಸ್ ಕಥೆ ಹೇಳಿದೆವು. ಪೂರ್ತಿ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಇದು ನನಗೆ ಮೂವತ್ತು ವರ್ಷ ಮೊದಲು ಯಾರಾದರೂ ಹೇಳಬೇಕಿತ್ತು" ಎಂದರು. ಮಗ್ರಿಬ್ ಬಾಂಗಿನ ಹೊತ್ತಾಯಿತು, ಮಂಡಿ ಹಿಡಿದು ಎದ್ದರು. ಎದ್ದವರು ತಿರುಗಿ ಕೇಳಿದರು: "ಹುಡುಗರು ಶುರು ಮಾಡುವುದಾದರೆ ಹೇಳಿ. ಚಾದ ಹದ ಹೇಳಿಕೊಡಲು ನಾನು ಬರುತ್ತೇನೆ. ಒಂದು ಷೇರಿಗೆ ಎಷ್ಟು?"

ಆ ಪ್ರಶ್ನೆಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಕೊಡುವ ಹುಡುಗರು ಈ ಪುಟ ಓದುವವರಲ್ಲಿ ಇದ್ದಾರೆ ಎಂಬ ನಂಬಿಕೆ ನಮ್ಮದು. ಕಾಕನ ಮಂಡಿ ಇನ್ನೂ ಸೋಲುವ ಮೊದಲು ಅವರು ಮುಂದೆ ಬರಲಿ.